ಗಾಡಿ ಮ್ಯಾಲಿಂದ ಬಿದ್ದೆ ಅಂತ ಯಾಕ್ ಬರಸ್ಬೇಕ್ರಿ?

ಇವತ್ತ ಮುಂಜಾನೆ ನಮ್ಮ ಮೆಡಿಕಲ್ ಶಾಪಿಗೆ ರೈಲ್ವೆ ಹಳಿ ಕೆಲಸದ ಗುತ್ತಿಗಿ ಹುಡುಗ ಒಬ್ಬಾಂವ ಬಂದಿದ್ದ, ಬಲಗೈಗೆ ಟವೆಲ್ ಸುತ್ಗೊಂಡು. ಬಿಚ್ಚಿ ನೋಡಿದ್ರ ಎರಡು ಉಗುರು ಕಿತ್ತಾವ, ನಡುವಿನ ಬೆರಳು ಡೊಂಕಾಗೇತಿ. ಹುಬ್ಬಳ್ಳಿ ಉಣಕಲ್ ಕಡೆ ನಸುಕಿನ ಚಳಿಯಾಗ ಬೆರಳು ಸೆಟದಿದ್ವಂತ, ಮಂಜಿಗೆ ತೊಯ್ದ ಹಾರಿ ಜಾರಿ ಕೈ ಹಳಿಗೂ ಅದರ ಕೆಳಗಿನ ಅಡ್ಡ ದಿಮ್ಮಿಗೂ (ಸ್ಲೀಪರ್) ನಡುವ ಸಿಕ್ಕೇತಿ. ಜೋಡಿ ಬಂದ ಸೂಪರ್‌ವೈಜರ್ ನನ್ನ ಎದುರಿಗೇ ಹೇಳ್ತಾನ, "ದವಾಖಾನ್ಯಾಗ ಗಾಡಿ ಮ್ಯಾಲಿಂದ ಬಿದ್ದೆ ಅಂತ ಹೇಳ್ ತಮ್ಮಾ, ಇಲ್ಲಾಂದ್ರ ನಾಳೆಯಿಂದ ಬರಬ್ಯಾಡ." ನನಗ ಮೈಯೆಲ್ಲಾ ಉರದ್ಹೋತು.

ನಮ್ಮಪ್ಪ ರೈಲ್ವೆದಾಗ ಹಳಿ ರಿಪೇರಿ ಮಾಡೋ ಗ್ಯಾಂಗ್‌ಮನ್ ಇದ್ದದ್ದು ನಿಮಗೆಲ್ಲಾ ಗೊತ್ತೈತಿ. ಚಳಿಗಾಲದಾಗ ಹಳಿ ಕುಗ್ಗಾಕ ನೋಡ್ತೈತಿ, ಆದ್ರ ಉದ್ದಕ ಬೆಸುಗಿ ಹಾಕಿ ಬಿಗದಿಟ್ಟ ಹಳಿಗೆ ಕುಗ್ಗಾಕ ಜಾಗಾ ಎಲ್ಲೈತಿ, ಒಳಗ ಎಳತ ಬಿದ್ದು ಎಲ್ಲೆ ಬೆಸುಗಿ ವೀಕ್ ಇರ್ತೈತೋ ಅಲ್ಲೆ ಬಿರುಕು ಬಿಡ್ತೈತಿ. ಅದಕ್ಕ ಜನ ಹೊದ್ಕೊಂಡು ಮಲಗಿದ ಹೊತ್ತಿನ್ಯಾಗ ಹಳಿ ನೋಡ್ಕೊಂಡು ನಡಿಯೋ ಕೀಮ್ಯಾನು, ಪ್ಯಾಟ್ರೋಲ್‌ಮ್ಯಾನು ಹಳಿ ಮ್ಯಾಲೆ ಇರಬೇಕು. ಅಪ್ಪನ ಅಂಗೈ ಒಡದು ರಕ್ತ ಬರ್ತಿದ್ವು, ಅವ್ವ ರಾತ್ರಿ ಕೊಬ್ರಿ ಎಣ್ಣಿ ಹಚ್ತಿದ್ಳು.

"ಹುಬ್ಬಳ್ಳಿ ಚಳಿ ಏನ್ ಮಹಾ, ಇದೇನ್ ಕಾಶ್ಮೀರ ಏನು" ಅಂತ ಕೆಲವರು ಅಂತೀರಿ. ನಸುಕಿನ ಐದಕ್ಕ ಬರಿಗೈಲೆ ಕಬ್ಬಿಣ ಹಿಡದು ನೋಡ್ರಿ, ಆಮ್ಯಾಲೆ ಮಾತಾಡೂಣು. ಗ್ಲೌಸ್ ಕೊಟ್ಟಿಲ್ಲ ಆ ಹುಡುಗಗ.

ನನ್ನ ಸಿಟ್ಟು ಪೆಟ್ಟಾತು ಅಂತಷ್ಟ ಅಲ್ಲ, ಅದನ್ನ ಮುಚ್ಚಿಡಸ್ತಾರಲ್ಲ ಅದಕ್ಕ. ದವಾಖಾನಿ ಮೊದಲನೇ ಚೀಟ್ಯಾಗ "ಬೈಕ್ ಆಕ್ಸಿಡೆಂಟ್" ಅಂತ ಬಿತ್ತಂದ್ರ ನಾಳೆ ಪರಿಹಾರ ಕೇಳಿದಾಗ ಅದ ಚೀಟಿ ತೋರಿಸಿ ಕೇಸ್ ಹೊಡೀತಾರ. 1923ರ ಕಾರ್ಮಿಕರ ಪರಿಹಾರ ಕಾಯ್ದೆದಾಗ ಗುತ್ತಿಗಿ ಕೆಲಸಗಾರಗ ಪೆಟ್ಟಾದ್ರ ಕೆಲಸ ಕೊಡಿಸಿದ ಮೂಲ ಮಾಲಕನೂ ಹೊಣಿ ಅಂತ ಇತ್ತು, ಕ್ಲೇಮ್ ಹಾಕಾಕ ಎರಡು ವರ್ಷ ಟೈಮ್ ಇತ್ತು. 2017ರಾಗ ತಿದ್ದುಪಡಿ ಮಾಡಿ, ಕೆಲಸಕ್ಕ ಸೇರಿಸ್ಕೊಳ್ಳುವಾಗ್ಲೇ ನಿನಗ ಪರಿಹಾರದ ಹಕ್ಕೈತಿ ಅಂತ ಅವಗ ತಿಳಿಯೋ ಭಾಷೆದಾಗ ಬರದು ಕೊಡ್ಬೇಕು ಅಂದ್ರು. ಈಗ ಇದೆಲ್ಲಾ 2020ರ ಸಾಮಾಜಿಕ ಭದ್ರತಾ ಸಂಹಿತೆದಾಗ ಸೇರೇತಿ. ಆ ಹುಡುಗಗ ಕೇಳಿದೆ, ಒಂದು ತುಂಡು ಕಾಗದಾನೂ ಕೊಟ್ಟಿಲ್ಲ.

ಅಮೆರಿಕದಾಗ ರೈಲ್ವೆ ಕೆಲಸಗಾರ ಪೆಟ್ಟಾತು ಅಂತ ರಿಪೋರ್ಟ್ ಮಾಡಿದ್ದಕ್ಕ ಕೆಲಸದಿಂದ ತಗದ್ರ ಅದು ಕಾನೂನಿಗೆ ವಿರುದ್ಧ, 180 ದಿನದೊಳಗ ದೂರು ಕೊಡಬಹುದು. ನಮ್ಮಲ್ಲೆ ಹೊಟ್ಟಿ ಮ್ಯಾಲೆ ಹೊಡೀತೀನಿ ಅಂತ ಅಂಗಡ್ಯಾಗ ನಿಂತು ರಾಜಾರೋಷ ಹೇಳ್ತಾರ್ರಿ.

"ಗುತ್ತಿಗೆದಾರನೂ ಪಾಪ, ಬಿಲ್ ಲೇಟ್ ಆಗ್ತಾವ" ಅಂತ ಗೆಳೆಯ ಒಬ್ಬಾಂವ ಅಂದ. ಆಗ್ಲಿ. ಅವನ ಬಿಲ್ ಬಂದ್ರ ಈ ಹುಡುಗನ ಬೆರಳು ನೆಟ್ಟಗಾಕ್ಕಾವೇನು?

ಸೂಪರ್‌ವೈಜರ್‌ನ ಹೊರಗ ಕಳಿಸಿ ನಾನು ಅವನ ಜೋಡಿ ದವಾಖಾನಿಗೆ ಹೋದೆ. ಚೀಟ್ಯಾಗ ಹಳಿ ಕೆಲಸದಾಗ ಪೆಟ್ಟಾತು ಅಂತ, ಜಾಗಾ ಟೈಮ್ ಸಮೇತ ಬರಸೇವಿ, ಫೋಟೋ ತಗೊಂಡೇವಿ. ಅಂವ ಕೆಲಸದ ಮ್ಯಾಲಿದ್ದ ಅಂತ ತೋರಸಾಕ ಹಾಜರಿ ಪುಸ್ತಕದ ಫೋಟೋ ಇನ್ನಾ ಸಿಕ್ಕಿಲ್ಲ. ಧಾರವಾಡದಾಗ ಕಾರ್ಮಿಕರ ಕೇಸ್ ನಡಸೋ ವಕೀಲ್ರು ಯಾರರ ಗೊತ್ತಿದ್ರ ಇನ್‌ಬಾಕ್ಸ್ ಮಾಡ್ರಿ, ನಾಳೆಯೊಳಗ ಬೇಕು.