ಹೊಂಡ ಸುತ್ತಿದ್ದಕ್ಕೂ ಬಿಲ್

ನಮ್ಮ ರಾಜ್ಯದಲ್ಲಿ ಕಾರು ಕೊಂಡ ದಿನವೇ ಅದರ ಜಾತಕ ಬರೆದು ಮುಗಿಸುತ್ತಾರೆ. ಜೀವಿತಾವಧಿ ತೆರಿಗೆ ಅಂತ ಹೆಸರು. ಐದರಿಂದ ಹತ್ತು ಲಕ್ಷದ ಕಾರಿಗೆ ಶೇ 14, ಅದರ ಮೇಲೆ ಸೆಸ್. ಕಾರಿನ ಆಯಸ್ಸಿಗೆ ಲೆಕ್ಕ ಉಂಟು, ರಸ್ತೆಯ ಆಯಸ್ಸನ್ನು ಕೇಳುವ ಹಾಗಿಲ್ಲ. ತೀರ್ಥಹಳ್ಳಿ ಕಡೆಯವರಿಗೆ ಯಾರೂ ಹೇಳಬೇಕಾಗಿಲ್ಲ ಬಿಡಿ. ಯುಗಾದಿಗೆ ಹಾಕಿದ ಡಾಂಬರು ಪುನರ್ವಸು ಮಳೆಗೆ ಜಲ್ಲಿಯಾಗಿರುತ್ತದೆ.

ಕಟ್ಟಿದೆವು, ಮುಗೀತು ಅಂತ ಪೆಟ್ರೋಲ್ ಬಂಕಿಗೆ ಹೋದರೆ ಅಲ್ಲಿ ಕೇಂದ್ರದ ರಸ್ತೆ ಸೆಸ್ಸು, ರಾಜ್ಯದ ಮಾರಾಟ ತೆರಿಗೆ. 2024ರ ಜೂನ್‌ನಲ್ಲಿ ಪೆಟ್ರೋಲಿನ ಮಾರಾಟ ತೆರಿಗೆ ಶೇ 25.92ರಿಂದ 29.84ಕ್ಕೆ ಏರಿತು. ಅಷ್ಟು ಕರಾರುವಾಕ್ಕಾಗಿ ದಶಾಂಶ ಲೆಕ್ಕ ಹಾಕಿದ ಪುಣ್ಯಾತ್ಮರನ್ನು ನಮ್ಮೂರ ಹೊಂಡದ ಆಳ ಅಳೆಯಲು ಕಳಿಸಬೇಕಿತ್ತು.

ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗೆ ಅಂತ ಗಾದೆ. ಆ ಹಳೇ ಸುಂಕದವನು ಕೇಳದಿದ್ದರೂ ಎದುರಿಗೆ ಕೂತಾದರೂ ಇರುತ್ತಿದ್ದ. ಈಗ ಟೋಲ್‌ಗೇಟಿನಲ್ಲಿ ಫಾಸ್ಟ್ಯಾಗ್, ಕಾರಿನ ಗಾಜಿಗೆ ಅಂಟಿಸಿದ ಚೀಟಿ. ಯಂತ್ರ ‘ಕೀಂ’ ಅನ್ನುತ್ತದೆ, ದುಡ್ಡು ಹೋಗುತ್ತದೆ.

ಮೊನ್ನೆ ನೆಂಟರ ಮದುವೆಗೆ ಹೊರಟಾಗ ನನಗೆ ಭಾರೀ ಧೈರ್ಯ. 3,000 ರೂಪಾಯಿ ಕೊಟ್ಟು ಟೋಲಿನ ವಾರ್ಷಿಕ ಪಾಸ್ ಮಾಡಿಸಿದ್ದೆ, 200 ಟ್ರಿಪ್ಪಿನದ್ದು. 2025ರ ಆಗಸ್ಟ್ 15ರಂದು ಜಾರಿಗೆ ಬಂದ ಪಾಸ್, ದಿನ ನೋಡಿ! ಆದರೂ ಒಂದು ಟೋಲಿನಲ್ಲಿ ದುಡ್ಡು ಕಟ್ ಆಯ್ತು.

“ಇದು ಸ್ಟೇಟ್ ಹೈವೇ ಸಾರ್. ನಿಮ್ಮ ಪಾಸ್ ನ್ಯಾಷನಲ್‌ಗೆ ಮಾತ್ರ” ಅಂದ ಅಲ್ಲಿದ್ದ ಹುಡುಗ.

ಹೌದಲ್ವಾ. ಕಾರು ಅದೇ, ಒಳಗೆ ಕೂತವನು ಅವನೇ, ಹೊಂಡವೂ ಅಂಥದ್ದೇ. ರಸ್ತೆ ಮಾತ್ರ ದಾಯಾದಿಗಳದ್ದು.

ಮುಂದೆ ಉಪಗ್ರಹವೇ ಸುಂಕದವನಾಗುವ ಯೋಚನೆಯೂ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಅದಕ್ಕೆಂದೇ ನಿಯಮ ತಿದ್ದಿದರು. ರಾಷ್ಟ್ರೀಯ ಹೆದ್ದಾರಿಯಲ್ಲಿ ಓಡಿದಷ್ಟು ದೂರಕ್ಕೆ ದುಡ್ಡು, ದಿನಕ್ಕೆ ಒಂದೊಂದು ದಿಕ್ಕಿಗೆ 20 ಕಿ.ಮೀ.ವರೆಗೆ ಉಚಿತ. ನನಗೆ ಹೆದರಿಕೆ ಶುರುವಾದದ್ದೇ ಇಲ್ಲಿ. ನಾವೇನು ನೆಟ್ಟಗೆ ಓಡಿಸುವವರಾ? ಎಡಕ್ಕೊಂದು ಹೊಂಡ, ಬಲಕ್ಕೆ ಹೊರಳಿದರೆ ಇನ್ನೊಂದು, ಎದುರಿಗೆ ಬಸ್ಸು, ಪಕ್ಕದಲ್ಲಿ ಕುಸಿದ ಧರೆ. ನಲವತ್ತು ಕಿ.ಮೀ. ದಾರಿಗೆ ಐವತ್ತರ ಬಿಲ್ ಬಂದರೆ ಆ ಹತ್ತನ್ನು ಯಾವ ಇಲಾಖೆಯಲ್ಲಿ ವಾಪಸ್ ಕೇಳುವುದು? ಉಚಿತದ ಇಪ್ಪತ್ತೂ ಹೊಂಡ ಸುತ್ತುವುದಕ್ಕೇ ಖರ್ಚಾಗುತ್ತದೆ ಮಾರಾಯ್ರೆ. ಆಗುಂಬೆ ಘಾಟಿಯ 14 ತಿರುವಿನಲ್ಲಿ ಮಂಜು ಇಳಿದಾಗ ನಮ್ಮ ಬಾನೆಟ್ಟೇ ನಮಗೆ ಕಾಣುವುದಿಲ್ಲ, ಮೇಲಿನವನಿಗೂ ಕಾಣದಿರಲಿ ಅಂತ ಹರಕೆ ಹೊತ್ತಿದ್ದೇನೆ.

ಮದುವೆ ಊಟ ಮುಗಿಸಿ ಬಂದವನು ಸೀದಾ ಗ್ಯಾರೇಜಿಗೆ ಹೋದೆ. ಮುಂದಿನ ಬಲಗಡೆ ಚಕ್ರ ಕಟಕಟ ಅನ್ನುತ್ತಿತ್ತು. ಮೆಕ್ಯಾನಿಕ್ ಕಾರಿನಡಿ ಮಲಗಿ ಟಾರ್ಚ್ ಬಿಟ್ಟ. ಎಣ್ಣೆ ಸೋರಿ ಕೆಸರು ಮೆತ್ತಿಕೊಂಡ ಶಾಕ್ ಅಬ್ಸಾರ್ಬರ್ ತೋರಿಸಿದ. ಹೋದ ಮಳೆಗಾಲದಲ್ಲಿ ಅವನೇ ಹಾಕಿದ್ದು.

“ಅಣ್ಣ, ಸುಮ್ನೆ ಪ್ರತಿ ಸಲ ಯಾಕೆ ಬಿಲ್ಲು? ನನ್ನ ಹತ್ರಾನೂ ಒಂದು ವಾರ್ಷಿಕ ಪಾಸ್ ಮಾಡಿಸ್ಕೊಳ್ಳಿ.”

“ಸ್ಟೇಟ್ ಹೈವೇಗೂ ನಡೆಯುತ್ತಾ?”

“ಪಂಚಾಯ್ತಿ ರಸ್ತೆಗೂ ನಡೆಯುತ್ತೆ” ಅಂದ.