ಚಾಲಕನಿಲ್ಲದಿದ್ದರೂ ಪೈಪೋಟಿ ಪೈಪೋಟಿಯೇ

ಚಾಲಕನೇ ಇಲ್ಲದ ಕಾರುಗಳ ರೇಸ್ ಬರೀ ಹುಡುಗಾಟ, ಅದು ಪೈಪೋಟಿಯೇ ಅಲ್ಲ ಎಂದು ಲೇಖಕರೊಬ್ಬರು ತಮ್ಮ ಲೇಖನದಲ್ಲಿ ತಳ್ಳಿಹಾಕಿದ್ದಾರೆ. ಒಪ್ಪುವುದು ಕಷ್ಟ. 2021ರ ಅಕ್ಟೋಬರ್‌ನಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಡೆದ ಇಂಥ ರೇಸ್‌ನಲ್ಲಿ ವಿಶ್ವವಿದ್ಯಾಲಯಗಳ ತಂಡಗಳಿಗೆಲ್ಲ ಡಲ್ಲಾರಾ ಕಂಪನಿಯ ಒಂದೇ ಬಗೆಯ ರೇಸ್ ಕಾರು ಕೊಟ್ಟಿದ್ದರು. ಹಾಗಾಗಿ ಗೆಲ್ಲಿಸಬೇಕಾದದ್ದು ಎಂಜಿನ್ ಅಲ್ಲ, ವಿದ್ಯಾರ್ಥಿಗಳು ಬರೆದ ಸಾಫ್ಟ್‌ವೇರ್. ಜರ್ಮನಿಯ ಮ್ಯೂನಿಕ್ ತಂಡ ಗೆದ್ದು ಹತ್ತು ಲಕ್ಷ ಡಾಲರ್ ಬಹುಮಾನ ಬಾಚಿಕೊಂಡಿತು. ಅಲ್ಲಿ ಕಾರುಗಳು ಒಂಟಿಯಾಗಿ ಓಡಿದವು ನಿಜ. ಆ ಮಟ್ಟಿಗೆ ಪೈಪೋಟಿಯಲ್ಲ ಎಂಬ ತಕರಾರು ಸರಿ. ಆದರೆ ಮೂರು ತಿಂಗಳೊಳಗೆ, 2022ರ ಜನವರಿಯಲ್ಲಿ, ಲಾಸ್ ವೇಗಸ್‌ನಲ್ಲಿ ಎರಡೆರಡು ಕಾರು ಒಟ್ಟಿಗೆ ಇಳಿದು ಒಂದನ್ನೊಂದು ಹಿಂದಿಕ್ಕಬೇಕಿತ್ತು. ಫೈನಲ್‌ನಲ್ಲಿ ಅದೇ ಮ್ಯೂನಿಕ್ ಕಾರು ಹಿಂದಿಕ್ಕಲು ಹೋಗಿ ಗಿರ್ರನೆ ತಿರುಗಿಬಿಟ್ಟಿತು, ಇಟಲಿಯ ಮಿಲಾನ್‌ನ ಪೋಲಿಮೂವ್ ತಂಡ ಗೆದ್ದಿತು. ವೇಗ ಗಂಟೆಗೆ 270 ಕಿಲೋಮೀಟರ್ ದಾಟಿತ್ತು, ಅಂದರೆ ಸೆಕೆಂಡಿಗೆ 75 ಮೀಟರ್! ಅಷ್ಟು ವೇಗದಲ್ಲಿ ಪಕ್ಕದ ಕಾರನ್ನು ಗುರುತಿಸಿ, ಅದರ ಮುಂದಿನ ದಾರಿಯನ್ನು ಊಹಿಸಿ ಸ್ಟೀರಿಂಗ್ ತಿರುಗಿಸುವ ಕೋಡ್ ಬರೆಯುವುದು ಹುಡುಗಾಟವೇ, ಸ್ವಾಮಿ?