ಸತ್ಯಾಂಶ: ‘ಎಐ ಬಂತು, ಕಲಾವಿದರ ಕಥೆ ಮುಗೀತು’ ಎನ್ನುವ ಸಂದೇಶ ನಿಜವೇ?

“ಕಥೆ, ಚಿತ್ರ, ಹಾಡು ಎಲ್ಲವನ್ನೂ ಎಐ ನಿಮಿಷದಲ್ಲಿ ಮಾಡಿಕೊಡುತ್ತೆ. ಮಕ್ಕಳನ್ನು ಕಲೆಗೆ ಸೇರಿಸಿ ಅವರ ಬದುಕು ಹಾಳು ಮಾಡಬೇಡಿ.” ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರುವ ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಜನ ನಂಬುವುದೂ ಅದಕ್ಕೇ.

ಪೆಟ್ಟು ಬೀಳುತ್ತಿರುವುದು ನಿಜ. ಜಾಹೀರಾತಿನ ಸಾಧಾರಣ ಚಿತ್ರ, ಸರಕಿನ ವಿವರಣೆ, ಹಿನ್ನೆಲೆ ದನಿಯಂಥ ಕೆಲಸಗಳನ್ನು ಯಂತ್ರ ಈಗಾಗಲೇ ಮಾಡುತ್ತಿದೆ. ಹೊಸಬರ ಕೈ ಪಳಗುತ್ತಿದ್ದದ್ದು ಇಂಥ ಸಣ್ಣ ಕೆಲಸಗಳಲ್ಲೇ. ನನಗೆ ಹೆಚ್ಚು ಆತಂಕ ಇರುವುದು ಇದರ ಬಗ್ಗೆಯೇ.

ಆದರೆ ‘ಮುಗೀತು’ ಎನ್ನುವುದು ತಪ್ಪು. ಮಕ್ಕಳ ಪುಸ್ತಕವೊಂದಕ್ಕೆ ಎಐನಿಂದ ಚಿತ್ರ ಮಾಡಿಸಿ ನೋಡಿ. ಮೊದಲ ಪುಟದಲ್ಲಿ ಹುಡುಗಿಯ ಎಡಗೆನ್ನೆಯಲ್ಲಿದ್ದ ಮಚ್ಚೆ ಮೂರನೇ ಪುಟದಲ್ಲಿ ಬಲಕ್ಕೆ ಜಿಗಿದಿರಬಹುದು. ಅದನ್ನು ಹಿಡಿಯಲು ಪಳಗಿದ ಕಣ್ಣು ಬೇಕು. ಆ ಹುಡುಗಿ ಯಾಕೆ ನಗುತ್ತಿಲ್ಲ ಎಂದು ತೀರ್ಮಾನಿಸಲು ಕಥೆಗಾರರೇ ಬೇಕು.

ಇನ್ನೊಂದು ವಿಷಯ: ಇದೆಲ್ಲ ತಂತ್ರಜ್ಞಾನವೊಂದೇ ನಿರ್ಧರಿಸುವ ಸಂಗತಿಯಲ್ಲ. 2023ರಲ್ಲಿ ಅಮೆರಿಕದ ಚಿತ್ರಕಥೆಗಾರರು 148 ದಿನ ಮುಷ್ಕರ ಹೂಡಿದರು. ಎಐ ಬಳಸುವಂತೆ ಬರಹಗಾರರನ್ನು ಒತ್ತಾಯಿಸುವಂತಿಲ್ಲ, ಎಐ ಬರೆದದ್ದನ್ನು ತಿದ್ದಲು ಕೊಟ್ಟರೆ ಅದನ್ನು ಮೊದಲೇ ತಿಳಿಸಬೇಕು ಎಂಬ ಷರತ್ತುಗಳು ಸ್ಟುಡಿಯೋಗಳ ಜೊತೆಗಿನ ಒಪ್ಪಂದಕ್ಕೆ ಸೇರಿದವು. ಮನುಷ್ಯನ ಸೃಜನಶೀಲ ಪಾತ್ರವೇ ಇಲ್ಲದ ಕೃತಿಗೆ ಅಮೆರಿಕದಲ್ಲಿ ಕೃತಿಸ್ವಾಮ್ಯವೂ (ಕಾಪಿರೈಟ್) ಸಿಗುವುದಿಲ್ಲ. ಹಾಗಾಗಿ ಪೂರ್ತಿ ಯಂತ್ರವೇ ಬರೆದ ಕಥೆಯನ್ನು ಬೇರೆಯವರು ನಕಲು ಮಾಡಿದರೆ, ಅದನ್ನು ಬರೆಸಿದ ಕಂಪನಿ ಕೃತಿಸ್ವಾಮ್ಯದ ಹೆಸರಿನಲ್ಲಿ ತಡೆಯುವುದು ಕಷ್ಟ.